ಬೋರ್ಡಿಗೆ ಬೆನ್ನು ಹಾಕಿದ ಕುರ್ಚಿ

ಈ ಜೂನಿನಲ್ಲಿ ನನ್ನ ತಮ್ಮನ ಮಗಳು ಸ್ಮಿತಾಳಿಗೆ ಮಂಗಳೂರಿನ ಕಡೆಯ ಒಂದು ಸಭೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸಭೆ ಅಂದರೆ ನಮ್ಮಲ್ಲಿ ಚರ್ಚು ಎಂದು ಅರ್ಥ; ಮೀಟಿಂಗು ಎಂದು ತಿಳಿದುಕೊಂಡರೂ ಹೆಚ್ಚು ತಪ್ಪಿಲ್ಲ. ಮೊದಲ ದಿನವೇ ಅವಳ ಕೈಗೆ ಗುರುತಿನ ಚೀಟಿ, ಟೈಂಟೇಬಲ್ಲು, ಜೊತೆಗೆ ಹನ್ನೆರಡು ಪುಟದ ಒಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟರಂತೆ. ಕ್ರೈಸ್ತ ಶಿಕ್ಷಣದ ದೈವಶಾಸ್ತ್ರೀಯ ಬುನಾದಿ ಎಂಬುದು ಅದರ ವಿಷಯ. ಸಂಜೆ ಫೋನು ಮಾಡಿ, ಅತ್ತೆ, ಇದನ್ನು ನಿಜವಾಗಿ ಓದಬೇಕಾ, ಬ್ಯಾಗಿನಲ್ಲಿ ಇಟ್ಟುಕೊಂಡರೆ ಸಾಕಾ ಎಂದು ಕೇಳಿದಳು.

ಪುಟಗಳ ಫೋಟೋ ಕಳಿಸು ಅಂದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ವಾಕ್ಯಗಳು ನನ್ನವು. ಎರ್ನಾಕುಲಂನ ಒಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಹದಿನೈದು ವರ್ಷದ ಹಿಂದೆ ನಾನು ಬರೆದ ವಾಕ್ಯಗಳು, ನಾನು ತಪ್ಪು ಜಾಗದಲ್ಲಿ ಹಾಕಿದ ಒಂದು ಕಾಮಾ ಸಮೇತ, ಊರೂರು ಸುತ್ತಿ ನನ್ನ ಸೊಸೆಯ ಕೈಗೆ ಬಂದು ಬಿದ್ದಿದ್ದವು. ಹೆಸರು ಮಾತ್ರ ಬೇರೆ ಯಾರದೋ ಪಾದ್ರಿಗಳದ್ದು. ಅದಕ್ಕೆ ನನಗೆ ಬೇಸರವಿಲ್ಲ, ಒಳ್ಳೆಯದೇ ಆಯಿತು. ಆ ಬುನಾದಿಯ ಮೇಲೆ ನಾನು ಏನು ಕಟ್ಟಿದೆ ಎಂಬುದನ್ನಾದರೂ ನನ್ನ ಹೆಸರಿನಲ್ಲೇ ಬರೆದಿಡೋಣ ಎಂದು ಇದಕ್ಕೆ ಕೂತಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದ ಸ್ಮಿತಾಳಂಥವರು ಪುಸ್ತಿಕೆಯ ಜೊತೆಗೆ ಇದನ್ನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಲಿ.

ನಮ್ಮವರಿಗೆ ಉಡುಪಿಯಿಂದ ಎರ್ನಾಕುಲಂಗೆ ಬ್ಯಾಂಕಿನ ವರ್ಗವಾದದ್ದರಿಂದ ನಾನು ಕೇರಳಕ್ಕೆ ಬಂದದ್ದು. ಮೂರು ವರ್ಷಕ್ಕೆ ಎಂದು ಬಂದವರು ಅಲ್ಲೇ ಬೇರು ಬಿಟ್ಟೆವು. ಮಕ್ಕಳಿಬ್ಬರೂ ಕನ್ನಡದಲ್ಲಿ ಬೈಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಾ ಬೆಳೆದರು. ನನ್ನ ಅಪ್ಪ ಊರಿನ ಸಭೆಯಲ್ಲಿ ಉಪದೇಶಿ, ನಾನು ಅಂಚೆ ಮೂಲಕ ದೈವಶಾಸ್ತ್ರದ ಡಿಪ್ಲೊಮಾ ಮಾಡಿದವಳು. ಇಷ್ಟು ಸಾಕಾಗಿ ಒಂದು ಸಭೆಯ ಶಾಲೆಯಲ್ಲಿ ನೀತಿಪಾಠದ ಟೀಚರ್ ಕೆಲಸ ಕೊಟ್ಟರು. ನೀತಿಪಾಠದ ಪೀರಿಯಡ್ ಅಂದರೆ ಗಣಿತದವರು ಸಾಲ ಕೇಳಿ, ತಿರುಗಿ ಕೊಡದ ಪೀರಿಯಡ್. ವಾರಕ್ಕೆ ಐದು ಇದ್ದದ್ದರಲ್ಲಿ ಎರಡು ನನಗೆ ಸಿಕ್ಕರೆ ಅದು ಹಬ್ಬ.

ಆಗ ಹೆಡ್ಮಾಸ್ಟರಾಗಿದ್ದವರು ಕೋಶಿ ಸಾರ್. ಅವರ ದೈವಶಾಸ್ತ್ರ ಬಹಳ ಸರಳವಾದದ್ದು. ಮನುಷ್ಯ ಹುಟ್ಟುವಾಗಲೇ ಪಾಪದಲ್ಲಿ ಹುಟ್ಟುತ್ತಾನೆ, ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಆ ಪಾಪ ಬಲಿತಿರುತ್ತದೆ, ಆದ್ದರಿಂದ ಬೆತ್ತ. ಬೆತ್ತಕ್ಕೆ ಅವರೇ ವಾರಕ್ಕೊಮ್ಮೆ ತೆಂಗಿನೆಣ್ಣೆ ಸವರಿ ಅಲ್ಮೇರಾದ ಮೇಲೆ ಇಡುತ್ತಿದ್ದರು. ಹೊಡೆಯುವ ಮೊದಲು ಹುಡುಗನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಿದ್ದರು ಎಂಬುದನ್ನೂ ಹೇಳಬೇಕು, ಒಳ್ಳೆಯ ಮನುಷ್ಯ. ಆಮೇಲೆ ಶಾಲೆಗಳಲ್ಲಿ ಹೊಡೆಯಬಾರದು ಎಂದು ಸರ್ಕಾರ ಗಟ್ಟಿಯಾಗಿ ಹೇಳಲು ಸುರುಮಾಡಿತು, ಒಬ್ಬರಿಬ್ಬರು ತಂದೆಯರು ಪೊಲೀಸ್ ಸ್ಟೇಷನ್ನಿಗೂ ಹೋದರು. ಹೆಚ್ಚು ಕಡಿಮೆ ಅದೇ ಸಮಯಕ್ಕೆ, ಪ್ರತಿ ಮಗುವೂ ದೇವರ ಸ್ವರೂಪ ಎಂದು ನಮ್ಮ ಆಡಳಿತ ಮಂಡಳಿಗೆ ಜ್ಞಾನೋದಯವಾಯಿತು. ಆ ಮಾತು ಸುವಾರ್ತೆಗೂ ಹಿಂದಿನದು, ಸೃಷ್ಟಿಯ ಆರನೆಯ ದಿನ ದೇವರು ಮನುಷ್ಯನನ್ನು ಮಾಡಿದಾಗಿನದ್ದು. ನಮ್ಮ ಶಾಲೆಗೆ ತಲುಪುವಾಗ ತಡವಾಯಿತು, ಅಷ್ಟೇ.

ಬೆತ್ತ ಹೋಯಿತು, ಅದರ ಜಾಗಕ್ಕೆ ರಿಸಲ್ಟ್ ಬಂತು. ಹತ್ತನೇ ಕ್ಲಾಸಿನಲ್ಲಿ ನೂರಕ್ಕೆ ನೂರು ಪಾಸಾದರೆ ಗೇಟಿನ ಮೇಲೆ ಲಾರಿಯಷ್ಟು ಉದ್ದದ ಫ್ಲೆಕ್ಸು, ಅದರಲ್ಲಿ ಮಕ್ಕಳ ಮುಖ, ಮಧ್ಯದಲ್ಲಿ ಮ್ಯಾನೇಜರ್ ಅಚ್ಚನ್ ಮುಖ. ಕೇರಳದಲ್ಲಿ ಪಾದ್ರಿಗಳನ್ನು ಅಚ್ಚನ್ ಎನ್ನುತ್ತಾರೆ. ಶಾಲೆಯ ಮ್ಯಾನೇಜರೂ ಅವರೇ. ನೂರಕ್ಕೆ ನೂರು ರಿಸಲ್ಟಿಗೆ ಮಲಯಾಳದಲ್ಲಿ ನೂರುಮೇನಿ ಎಂದು ಹೇಳುವುದು. ಬಿತ್ತಿದ್ದರ ನೂರು ಪಾಲು ಬೆಳೆ ಎಂದರ್ಥ. ಸುವಾರ್ತೆಯಲ್ಲಿ ಬರುವ ಬಿತ್ತುವವನ ಸಾಮ್ಯಕಥೆಯಲ್ಲಿ ಒಳ್ಳೆಯ ನೆಲಕ್ಕೆ ಬಿದ್ದ ಬೀಜ ನೂರು ಪಾಲು ಕೊಟ್ಟಿತಲ್ಲ, ಅಚ್ಚನ್ ಪ್ರತಿ ಜೂನಿನಲ್ಲಿ ಅದರ ಮೇಲೆಯೇ ಪ್ರಸಂಗ ಮಾಡುತ್ತಿದ್ದರು. ಬಂಡೆಯ ಮೇಲೆ ಬಿದ್ದು ಒಣಗಿಹೋದ ಬೀಜದ ಬಗ್ಗೆ ಪ್ರಸಂಗದಲ್ಲಿ ಹೆಚ್ಚು ಹೇಳುತ್ತಿರಲಿಲ್ಲ. ಅದಕ್ಕೆ ಬೇರೆ ಏರ್ಪಾಟು ಇತ್ತು.

ಏರ್ಪಾಟು ಹೀಗೆ. ಒಂಬತ್ತನೇ ಕ್ಲಾಸಿನ ಕೊನೆಗೆ ಗಣಿತ, ವಿಜ್ಞಾನದವರು ಕೂತು ಪಟ್ಟಿ ಮಾಡುವುದು. ಹತ್ತರಲ್ಲಿ ಫೇಲಾಗಬಹುದು ಎನಿಸಿದ ಮಕ್ಕಳ ಮನೆಯವರನ್ನು ಕರೆಸುವುದು. ಅವರು ತಾವಾಗಿಯೇ, ಮನೆಯ ಅನುಕೂಲಕ್ಕಾಗಿ, ಮಗುವಿನ ಟಿ.ಸಿ. ಬೇಕು ಎಂದು ಅರ್ಜಿಗೆ ಸಹಿ ಹಾಕುವಂತೆ ಮಾಡುವುದು. ಯಾರನ್ನೂ ಹೊರಗೆ ಹಾಕಿದ ಹಾಗಾಗಲಿಲ್ಲ, ಅವರೇ ಹೋದ ಹಾಗಾಯಿತು. ಈ ಕೆಲಸಕ್ಕೆ ಕೌನ್ಸೆಲಿಂಗ್ ಎಂದು ಹೆಸರು. ಮೊದಲು ಕೋಶಿ ಸಾರೇ ಮಾಡುತ್ತಿದ್ದರು, ಆದರೆ ಅವರ ಧ್ವನಿಗೆ ತಂದೆತಾಯಿ ಜಗಳಕ್ಕೆ ನಿಲ್ಲುತ್ತಿದ್ದರು. ನನ್ನ ಮಲಯಾಳ ಕೇಳಿದರೆ ಜಗಳ ಮಾಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ, ಪಾಪ ಅನಿಸುತ್ತಿತ್ತು. ಹಾಗಾಗಿ ಅದು ನನ್ನ ತಲೆಗೆ ಬಂತು.

ನಾನು ಅದರಲ್ಲಿ ಪಳಗಿಬಿಟ್ಟೆ ಎಂದು ಹೇಳಲು ನಾಚಿಕೆಯಾಗುತ್ತದೆ. ಮೊದಲು ಮನೆಯವರ ಕ್ಷೇಮ ಕೇಳುವುದು. ಆಮೇಲೆ, ನಾವೊಂದು ನಿಮಿಷ ಪ್ರಾರ್ಥನೆ ಮಾಡೋಣ ಅನ್ನುವುದು. ಅವರು ಕಣ್ಣು ಮುಚ್ಚಿ ತಲೆ ಬಗ್ಗಿಸುತ್ತಾರೆ. ಆಮೆನ್ ಎಂದು ಕಣ್ಣು ತೆರೆಯುವಾಗ ಮೇಜಿನ ಮೇಲೆ ಫಾರಂ ಇರುತ್ತದೆ, ಫಾರಂ ಮೇಲೆ ಮುಚ್ಚಳ ತೆಗೆದ ಪೆನ್ನು. ಸಹಿ ಆದ ಮೇಲೆ ಚಾ ಮತ್ತು ಕ್ಯಾಂಟೀನಿನ ಬಿಸಿ ಪಳಂಪೊರಿ. ನೇಂದ್ರ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಪ್ರಾರ್ಥಿಸುತ್ತಾ ಒಂದು ಕೈಯಲ್ಲಿ ಸದ್ದಿಲ್ಲದೆ ಡ್ರಾಯರ್ ಎಳೆಯುವುದನ್ನು ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಕಲಿಸುವುದಿಲ್ಲ, ಸ್ವಂತ ಅಭ್ಯಾಸದಿಂದ ಬರಬೇಕು.

ನಮ್ಮವರಿಗೆ ಒಮ್ಮೆ ಇದನ್ನೆಲ್ಲ ಹೇಳಿದೆ. ಅವರು ಪೇಪರಿನಿಂದ ಕಣ್ಣು ತೆಗೆಯದೆ, "ಬೇಡದ ಗಿರಾಕಿಯನ್ನು ನಮ್ಮ ಬ್ಯಾಂಕಿನಲ್ಲಿ ಕೂಡ ಹೀಗೇ ಸಾಗಹಾಕುವುದು ಮಾರಾಯ್ತಿ. ಆದ್ರೆ ನಾವು ಪ್ರಾರ್ಥನೆ ಎಲ್ಲ ಮಾಡುವುದಿಲ್ಲ" ಅಂದರು. ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ.

ಬುನಾದಿಯ ವಿಷಯಕ್ಕೆ ಬರುತ್ತೇನೆ. ಅಚ್ಚನ್ ತಿರುವನಂತಪುರದಲ್ಲಿ ಒಂದು ಸಮ್ಮೇಳನಕ್ಕೆ ಹೋಗಿ ಬಂದವರು, ಇನ್ನು ಪ್ರತಿ ಶಾಲೆಯೂ ತನ್ನ ಶಿಕ್ಷಣದ ದೈವಶಾಸ್ತ್ರೀಯ ಬುನಾದಿಯನ್ನು ಬರೆದು ಗೋಡೆಗೆ ಹಾಕಬೇಕಂತೆ, ವತ್ಸಲಾ ಟೀಚರ್ ಬರೆಯಲಿ ಅಂದರು. ಶಾಲೆ ಕಟ್ಟಿ ಎಪ್ಪತ್ತು ವರ್ಷವಾದ ಮೇಲೆ ಬುನಾದಿ ಹಾಕುವ ಭಾಗ್ಯ ನನ್ನದಾಯಿತು. ಆದರೂ ಸುಳ್ಳು ಹೇಳಲಾರೆ, ಬರೆಯುವಾಗ ನನಗೆ ನಿಜವಾಗಿ ಸಂತೋಷವಾಯಿತು. ಅಪ್ಪ ಊರಿನ ಚಾವಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಿದ್ದದ್ದೆಲ್ಲ ನೆನಪಾಯಿತು. ಮಗು ದೇವರ ಸ್ವರೂಪದಲ್ಲಿ ಸೃಷ್ಟಿಯಾದದ್ದು, ಆದ್ದರಿಂದ ಅದಕ್ಕೆ ಬೆಲೆ ಕಟ್ಟುವವರು ನಾವಲ್ಲ. ಅದು ಬೀಳುತ್ತದೆ, ನಾವೂ ಬಿದ್ದವರೇ, ಆದ್ದರಿಂದ ತೀರ್ಪು ಹೇಳುವಾಗ ನಾಲಿಗೆ ಹಿಡಿತದಲ್ಲಿರಲಿ. ದೇವರು ಮನುಷ್ಯರ ಹತ್ತಿರ ಇಳಿದು ಬಂದ ಹಾಗೆ ಟೀಚರೂ ಮಗು ಇರುವಲ್ಲಿಗೆ ಇಳಿದು ಬರಬೇಕು. ಕೃಪೆ ಅಂದರೆ ಯೋಗ್ಯತೆ ನೋಡದೆ ಕೊಡುವುದು. ಹನ್ನೆರಡು ಪುಟ ಹೇಗೆ ತುಂಬಿತು ಎಂದೇ ಗೊತ್ತಾಗಲಿಲ್ಲ. ಬೆಳಿಗ್ಗೆ ಇದನ್ನು ಬರೆದು, ಮಧ್ಯಾಹ್ನ ಕೌನ್ಸೆಲಿಂಗಿಗೆ ಹೋಗಿ ಕೂರುತ್ತಿದ್ದೆ. ಎರಡಕ್ಕೂ ಸಂಬಂಧ ಉಂಟು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ನಿಜ.

ಆ ವರ್ಷದ ಪಟ್ಟಿಯಲ್ಲಿ ಜಿನ್ಸಿ ಎಂಬ ಹುಡುಗಿ ಇದ್ದಳು. ಗಣಿತದಲ್ಲಿ ಮೂರು ಪರೀಕ್ಷೆಯಲ್ಲೂ ಹತ್ತು ದಾಟಿರಲಿಲ್ಲ. ಬಾಯಿ ಮಾತ್ರ ಬಹಳ ಚುರುಕು. ನೂರು ಕುರಿಗಳಲ್ಲಿ ಒಂದು ತಪ್ಪಿಹೋದಾಗ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನೇ ಹುಡುಕಿಕೊಂಡು ಹೋದ ಕುರುಬನ ಪಾಠ ಮಾಡುವಾಗ ಎದ್ದು ನಿಂತು, ಅಷ್ಟು ಹೊತ್ತು ಆ ತೊಂಬತ್ತೊಂಬತ್ತನ್ನು ಯಾರು ನೋಡಿಕೊಂಡರು ಟೀಚರೇ ಎಂದು ಕೇಳಿದ್ದಳು. ಕೂತುಕೋ ಎಂದೆ. ನಮ್ಮ ಆಡಳಿತ ಮಂಡಳಿಯ ಚಿಂತೆಯೂ ಸರಿಯಾಗಿ ಅದೇ ಎಂದು ಆಗ ಹೊಳೆದಿದ್ದರೆ ಅವಳನ್ನು ಮ್ಯಾನೇಜರ್ ಮಾಡಿ ಎನ್ನುತ್ತಿದ್ದೆನೋ ಏನೋ.

ಜಿನ್ಸಿಯ ಅಮ್ಮ ಕುವೈತಿನಲ್ಲಿ ಮನೆಗೆಲಸಕ್ಕಿದ್ದರು, ಅಪ್ಪ ಇರಲಿಲ್ಲ. ಕೌನ್ಸೆಲಿಂಗಿಗೆ ಬಂದದ್ದು ಅಜ್ಜಿ. ಅಲ್ಲಿಯವರು ಅಮ್ಮಚ್ಚಿ ಎನ್ನುತ್ತಾರೆ. ಕಲೂರ್ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಟೈಲರ್ ಅಂಗಡಿಗೆ ಅವರು ಕಾಜಾ ಹಾಕಿ ಗುಂಡಿ ಹೊಲಿದು ಕೊಡುತ್ತಿದ್ದರು. ನಮ್ಮ ಶಾಲೆಯ ಯೂನಿಫಾರಂ ಹೊಲಿಯುವ ಅಂಗಡಿಯೇ ಅದು. ಅಂದರೆ ಫ್ಲೆಕ್ಸಿನ ಮೇಲೆ ನಗುವ ಮಕ್ಕಳ ಅಂಗಿಯ ಗುಂಡಿಗಳೆಲ್ಲ ಅವರ ಕೈಯಲ್ಲಿ ಹೊಲಿದದ್ದು.

ಕ್ಷೇಮ ಕೇಳಿದೆ. ಪ್ರಾರ್ಥನೆ ಮಾಡೋಣ ಅಂದೆ. ಅಮ್ಮಚ್ಚಿ ಸೆರಗು ತಲೆಗೆ ಹಾಕಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ನನಗಿಂತ ಭಕ್ತಿಯಿಂದ ಆಮೆನ್ ಅಂದರು. ಕಣ್ಣು ತೆರೆದು ಫಾರಂ ನೋಡಿದರು, ನನ್ನನ್ನು ನೋಡಿದರು, ಆಮೇಲೆ ನನ್ನ ತಲೆಯ ಮೇಲಿನಿಂದ ಎಲ್ಲಿಗೋ ನೋಡುತ್ತಾ, ಗಾಳಿಯಲ್ಲಿ ಬೆರಳು ಆಡಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಏನೋ ಹೇಳತೊಡಗಿದರು. ಪ್ರಾರ್ಥನೆ ಮುಂದುವರಿಸುತ್ತಿದ್ದಾರೆ ಎಂದುಕೊಂಡು ನಾನು ಪುನಃ ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಆ ಮಾತುಗಳು ಎಲ್ಲೋ ಕೇಳಿದ ಹಾಗಾಯಿತು. ಪ್ರತಿ ಮಗುವೂ ದೇವರ ಸ್ವರೂಪ. ಆ ಸ್ವರೂಪವನ್ನು ಅಂಕದಿಂದ ಅಳೆಯುವುದು ನಮ್ಮ ಕೆಲಸವಲ್ಲ.

ತಿರುಗಿ ನೋಡಿದೆ. ನನ್ನ ಕುರ್ಚಿಯ ಹಿಂದೆ, ಗೋಡೆಯ ಮೇಲೆ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ನನ್ನ ಬುನಾದಿಯ ಸಾರಾಂಶ ಮಲಯಾಳದಲ್ಲಿ ತೂಗುತ್ತಿತ್ತು. ಕ್ರಿಸ್ಮಸ್ ರಜೆಗೆ ನಾನು ಊರಿಗೆ ಹೋಗಿದ್ದಾಗ ಪ್ಯೂನ್ ಅದನ್ನು ಅಲ್ಲಿ ಮೊಳೆ ಹೊಡೆದು ಹಾಕಿದ್ದ. ಮೇಜಿನ ಆ ಕಡೆ ಕೂತವರಿಗೆ ಅದು ಕಣ್ಣೆದುರಿಗೇ. ನಾನು ಬಾಗಿಲಿನಿಂದ ಬಂದವಳು ಸೀದಾ ಕುರ್ಚಿಯಲ್ಲಿ ಅದಕ್ಕೆ ಬೆನ್ನು ಹಾಕಿ ಕೂರುವುದು. ಆ ವರ್ಷ ಅಷ್ಟರಲ್ಲೇ ನಾಲ್ಕು ಮನೆಯವರು ಬಂದು, ಅದನ್ನು ನೋಡುತ್ತಾ ನೋಡುತ್ತಾ ಸಹಿ ಹಾಕಿ ಹೋಗಿದ್ದರು. ಒಬ್ಬರೂ ಒಂದು ಮಾತು ಎತ್ತಿರಲಿಲ್ಲ.

"ಇದು ಯಾರು ಬರೆದದ್ದು ಟೀಚರೇ?" ಅಮ್ಮಚ್ಚಿ ಕೇಳಿದರು.

ನಾನೇ ಅಂದೆ. ಹೇಳುವಾಗ ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಅದನ್ನು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ.

"ಚೆನ್ನಾಗಿ ಬರೆದಿದ್ದೀರಿ." ಅವರು ಫಾರಮನ್ನು ಎರಡು ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. "ಹಾಗಾದರೆ ಇದಕ್ಕೂ ಟೀಚರೇ ಸಹಿ ಹಾಕಿ. ಎರಡೂ ಒಂದೇ ಕೈಯ ಬರಹ ಆಗಲಿ."

ಆ ಹೊತ್ತಿಗೆ ನಾನು ಫಾರಂ ಹರಿದು ಹಾಕಿದೆ ಎಂದು ಬರೆಯಲು ಕೈ ಹಾತೊರೆಯುತ್ತಿದೆ. ಹರಿಯಲಿಲ್ಲ. ಮಗುವಿನ ಒಳ್ಳೆಯದಕ್ಕೇ ಹೇಳುವುದು, ಫೇಲಾದರೆ ಅವಳಿಗೇ ನೋವಲ್ಲವಾ ಎಂದೆಲ್ಲ ಎಂದಿನ ಪಾಠ ಒಪ್ಪಿಸಿದೆ. ಅಮ್ಮಚ್ಚಿ ಅಲ್ಲಾಡಲಿಲ್ಲ. ಆ ವರ್ಷದ ಪಟ್ಟಿಯಲ್ಲಿ ಜಿನ್ಸಿ ಒಬ್ಬಳೇ ಬಾಕಿ ಇದ್ದದ್ದು. ಕೊನೆಗೆ ನನ್ನ ಅದೇ ಮೆದು ಮಲಯಾಳದಲ್ಲಿ, ಟಿ.ಸಿ.ಯಲ್ಲಿ ನಡತೆ ಎಂಬ ಒಂದು ಕಾಲಂ ಉಂಟು, ನೀವಾಗಿ ಕೇಳಿಕೊಂಡರೆ ಅದರಲ್ಲಿ ಒಳ್ಳೆಯದು ಎಂದು ಬರೆಯಬಹುದು, ಇಲ್ಲದಿದ್ದರೆ ಏನು ಬರೆಯುತ್ತಾರೋ ನನಗೆ ಹೇಳಲಿಕ್ಕೆ ಬರುವುದಿಲ್ಲ ಎಂದೆ. ಎಂಥ ಮಾತು ಅದು! ಕೋಶಿ ಸಾರ್ ಬೆತ್ತಕ್ಕೆ ಎಣ್ಣೆ ಸವರುತ್ತಿದ್ದರಲ್ಲ, ಇದೂ ಅದೇ.

ಅಮ್ಮಚ್ಚಿ ಪೆನ್ನು ತೆಗೆದುಕೊಂಡರು. ಕಾಜಾ ಹಾಕುವ ಹಾಗೆ ಒಂದೊಂದೇ ಗೀಟು ಎಳೆದು ಹೆಸರು ಬರೆದರು. ಚಾ ಕುಡಿಯಲಿಲ್ಲ. ಪಳಂಪೊರಿಯನ್ನು ಕಾಗದದಲ್ಲಿ ಸುತ್ತಿಕೊಂಡು, ವರಾಂಡದಲ್ಲಿ ಕೂತಿದ್ದ ಮೊಮ್ಮಗಳ ಕೈಗೆ ಕೊಟ್ಟು ಅವಳನ್ನು ಕರೆದುಕೊಂಡು ಹೋದರು. ಆ ವರ್ಷ ನಮಗೆ ನೂರುಮೇನಿ ಬಂತು.

ಮಾರನೆಯ ದಿನ ನಾನು ಮಾಡಿದ ಸುಧಾರಣೆ ಯಾವುದು ಗೊತ್ತಾ? ಪ್ಯೂನನ್ನು ಕರೆದು, ಆ ಬೋರ್ಡು ಅಲ್ಲಿ ಬೇಡ, ಎದುರು ಗೋಡೆಗೆ ಹಾಕು ಎಂದೆ. ಬಂದವರ ಬೆನ್ನ ಹಿಂದೆ ಇದ್ದರೆ ಅವರಿಗೆ ಕಾಣುವುದಿಲ್ಲವಲ್ಲ. ಬಂದವರಿಗೆ ಕಾಣದಿದ್ದರೆ ನನಗೆ ಕಾಣುತ್ತದೆ ಎಂಬಷ್ಟು ಲೆಕ್ಕ ನನಗೆ ಬರಲಿಲ್ಲ. ಜಿನ್ಸಿಯ ಗಣಿತವನ್ನು ಆಡಿಕೊಂಡವಳು ನಾನು. ಮುಂದಿನ ವರ್ಷ ಒಬ್ಬ ಆಟೋದವರು ಬಂದು ಕೂತರು. ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಅವರ ತಲೆಯ ಮೇಲೆ ನನ್ನ ವಾಕ್ಯ. ಕೆಮ್ಮು ಬಂತು, ನೀರು ಕುಡಿದೆ, ಎಂದಿನ ಪಾಠ ಬಿಟ್ಟು ಚಾ ತರಿಸಿದೆ. ಅವರು ಚಾ ಕುಡಿದು, ಪಳಂಪೊರಿ ತಿಂದು, ಸಹಿ ಹಾಕದೆ ಎದ್ದು ಹೋದರು. ಇನ್ನೊಬ್ಬರೂ ಹಾಗೇ ಹೋದರು. ವತ್ಸಲಾ ಟೀಚರಿಗೆ ವಯಸ್ಸಾಯಿತು, ಮೊದಲಿನ ಚುರುಕಿಲ್ಲ ಎಂದು ಅಚ್ಚನ್‌ಗೆ ಅನಿಸಿತು. ಕೆಲಸ ಕೈಲಾಗದವರನ್ನು ಆ ಕೆಲಸದ ಪಾಠ ಹೇಳಲು ಕಳಿಸುವುದು ನಮ್ಮಲ್ಲಿ ಪದ್ಧತಿ. ನನ್ನನ್ನು ತಿರುವನಂತಪುರದ ಟ್ರೈನಿಂಗ್ ಕಾಲೇಜಿಗೆ, ಕ್ರೈಸ್ತ ಶಿಕ್ಷಣದ ಬುನಾದಿ ಎಂಬ ಪೇಪರ್ ಕಲಿಸಲು ಹಾಕಿದರು. ಬುನಾದಿ ಬರೆದವಳು ನಾನೇ ತಾನೇ.

ಅಲ್ಲಿ ಹದಿಮೂರು ವರ್ಷ ಇದ್ದೆ. ಒಂದು ಸಲ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬಂತು. ಅದರ ಮುಖ್ಯಸ್ಥರು ನನ್ನ ಪಠ್ಯ ನೋಡಿ, ಕೃಪೆಯ ಆಧಾರದ ಮೇಲೆ ಶಿಕ್ಷಣ ಎಂದು ಬರೆದಿದ್ದೀರಿ, ಒಳ್ಳೆಯದು, ಇದಕ್ಕೆ ದಾಖಲೆ ಎಲ್ಲಿ ಎಂದು ಕೇಳಿದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ಮುಂದಿನ ವಾರದಿಂದ ಕೃಪೆಗೆ ಒಂದು ರಿಜಿಸ್ಟರು ಸುರುವಾಯಿತು: ತಾರೀಕು, ಕೃಪೆ ಪಡೆದವರ ಹೆಸರು, ಕೃಪೆಯ ವಿವರ, ಸಹಿ, ಸ್ಥಳದ ಗುರುತಿರುವ ಫೋಟೋ. ಇಂಥ ದಿನ ಇಂಥ ವಿದ್ಯಾರ್ಥಿ ತಡವಾಗಿ ಬಂದದ್ದನ್ನು ಕ್ಷಮಿಸಲಾಯಿತು ಎಂದು ಬರೆದು, ಕ್ಷಮಿಸಿದವರೂ ಕ್ಷಮಿಸಲ್ಪಟ್ಟವರೂ ಒಟ್ಟಿಗೆ ನಿಂತು ನಗುವ ಚಿತ್ರ ಅಂಟಿಸುತ್ತಿದ್ದೆವು. ಆ ರಿಜಿಸ್ಟರಿಗೆ ಸಮಿತಿ ಒಳ್ಳೆಯ ಅಂಕ ಕೊಟ್ಟಿತು.

ನಮ್ಮ ಪಕ್ಕದ ಮನೆಯಲ್ಲಿ ಹಾಸನದ ಕಡೆಯ ಒಬ್ಬರು ವಿಜ್ಞಾನಿ ಇದ್ದರು, ರಾಕೆಟ್ ಕೆಲಸದವರು. ಭಾನುವಾರ ನಾಲ್ಕಾರು ಕನ್ನಡದ ಮನೆಯವರು ಸೇರುವಾಗ ಅವರು ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ. "ನಮ್ಮಲ್ಲಿ ಒಂದು ರಾಕೆಟ್ ಬಿದ್ರೆ ಯಾಕೆ ಬಿತ್ತು ಅಂತ ಕಮಿಟಿ ಕೂರುತ್ತೆ ಮೇಡಂ. ನಿಮ್ಮಲ್ಲಿ ಮಗು ಬಿದ್ರೆ?" ಎಂದು ಒಮ್ಮೆ ಕೇಳಿದರು. ನಮ್ಮಲ್ಲಿ ಬೀಳುವ ಮೊದಲೇ ಬೇರೆಯವರ ಅಂಗಳಕ್ಕೆ ಕಳಿಸಿಕೊಡುತ್ತೇವೆ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಗದೆ ಹೇಳಬೇಕಾದದ್ದು ಒಂದಿದೆ. ತರಗತಿಯಲ್ಲಿ ದೇವರ ಸ್ವರೂಪದ ಪಾಠ ಬಂದಾಗ ನಾನು ಅಮ್ಮಚ್ಚಿಯ ಕಥೆ ಹೇಳುತ್ತಿದ್ದೆ. ಪ್ರಾರ್ಥನೆ, ಬೋರ್ಡು, ಒಂದೇ ಕೈಯ ಬರಹ ಎಂಬ ಮಾತು, ಎಲ್ಲ ಇದ್ದ ಹಾಗೇ. ಕೊನೆ ಮಾತ್ರ ಬೇರೆ. ನನ್ನ ಕಥೆಯ ಟೀಚರ್ ಫಾರಂ ಹರಿದು ಬುಟ್ಟಿಗೆ ಹಾಕುತ್ತಿದ್ದಳು. ಮೊದಲ ವರ್ಷ ಬಾಯಿ ತಪ್ಪಿ ಹಾಗೆ ಬಂತು. ಹುಡುಗಿಯರ ಕಣ್ಣಲ್ಲಿ ನೀರು ನೋಡಿ ಎರಡನೆಯ ವರ್ಷ ಬೇಕೆಂದೇ ಹೇಳಿದೆ. ಮೊದಲ ಬ್ಯಾಚಿನ ಬೀನಾ ಎಂಬ ಹುಡುಗಿ, ಆಮೇಲೆ ಆ ಹುಡುಗಿ ಹತ್ತನೇ ಕ್ಲಾಸಿನಲ್ಲಿ ಏನಾದಳು ಟೀಚರೇ ಎಂದು ಕೇಳಿದಳು. ಪಾಸಾದಳು ಎಂದೆ. ಹದಿಮೂರು ಬ್ಯಾಚುಗಳಿಗೆ ಈ ಸುಳ್ಳನ್ನು ಪಾಠ ಮಾಡಿದೆ. ಅವರಲ್ಲಿ ಹಲವರು ಇವತ್ತು ಎಲ್ಲೆಲ್ಲೋ ತಮ್ಮ ಮಕ್ಕಳಿಗೆ ಅದನ್ನೇ ಹೇಳುತ್ತಿರಬಹುದು.

ನಿವೃತ್ತಿಯಾಗಿ ಎರ್ನಾಕುಲಂನ ಮನೆಗೆ ವಾಪಸು ಬಂದ ಮೇಲೆ ಇದು ಮನಸ್ಸನ್ನು ಕೊರೆಯತೊಡಗಿತು. ಕೆಲಸ ಇರುವಾಗ ಪುರುಸೊತ್ತಿಲ್ಲ ಎನ್ನಬಹುದಿತ್ತು. ತಪ್ಪಿಹೋದ ಕುರಿಯ ಪಾಠ ಮೂವತ್ತು ವರ್ಷ ಮಾಡಿದವಳು ಒಂದು ದಿನವೂ ಕಲೂರ್ ತನಕ ನಡೆದು ಹೋಗಿ ಹುಡುಕಿರಲಿಲ್ಲ. ಮನೆಯಿಂದ ಮೆಟ್ರೋದಲ್ಲಿ ಎರಡು ಸ್ಟೇಷನ್ ಅಷ್ಟೆ. ಕೊನೆಗೊಂದು ದಿನ ಹೋದೆ. ಟೈಲರ್ ಅಂಗಡಿ ಇತ್ತು. ಅಮ್ಮಚ್ಚಿ ಹೋಗಿ ಮೂರು ವರ್ಷವಾಯಿತು, ಮೊಮ್ಮಗಳು ಎಡಪ್ಪಳ್ಳಿಯ ಮಾಲಿನಲ್ಲಿ ಮಕ್ಕಳ ಬಟ್ಟೆ ಅಂಗಡಿಯಲ್ಲಿದ್ದಾಳೆ ಎಂದರು. ಕ್ಷಮೆ ಕೇಳಬೇಕಾದ ಒಬ್ಬರು ಕೈ ತಪ್ಪಿಹೋದರು.

ಮಾಲಿಗೆ ಹೋದಾಗ ಜಿನ್ಸಿ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಊಟದ ಹೊತ್ತಿಗೆ ಬಿಡುವು ಮಾಡಿಕೊಂಡು ಬಂದು ನನ್ನ ಎದುರು ಕೂತಳು. ಕುತ್ತಿಗೆಯಲ್ಲಿ ಅಂಗಡಿಯ ಗುರುತಿನ ಚೀಟಿ. ಆ ಮಹಡಿಯ ಸೂಪರ್‌ವೈಸರ್ ಅವಳೇ ಅಂತೆ. ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಒಂದೇ ಸಲಕ್ಕೆ ಪಾಸಾದಳಂತೆ, ಗಣಿತದಲ್ಲೂ. ನನ್ನ ಸುಳ್ಳು ನನ್ನ ಸಹಾಯವಿಲ್ಲದೆ ನಿಜವಾಗಿತ್ತು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮಾಪಣೆಯನ್ನು ಸುರುಮಾಡಿದೆ. ಅವಳು ಅರ್ಧದಲ್ಲೇ ಕೈಯೆತ್ತಿ ತಡೆದು, ಟೀಚರ್ ಬಂದದ್ದು ಒಳ್ಳೆಯದಾಯಿತು, ನನಗೊಂದು ಸಹಾಯ ಆಗಬೇಕಿತ್ತು ಎಂದಳು.

ಅವಳಿಗೆ ಆರು ವರ್ಷದ ಮಗಳಿದ್ದಾಳೆ. ಮಗಳಿಗೆ ಒಂದನೇ ಕ್ಲಾಸಿಗೆ ಸೀಟು ಬೇಕು. ಯಾವ ಶಾಲೆಯಲ್ಲಿ ಎಂದರೆ, ನಮ್ಮದೇ ಶಾಲೆಯಲ್ಲಿ. ಯಾಕೆ ಅಲ್ಲಿಗೇ ಎಂದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಅಲ್ಲಿ ಪ್ರತಿ ವರ್ಷ ನೂರುಮೇನಿ ಅಲ್ಲವಾ ಟೀಚರೇ ಎಂದಳು.

ನಾನು ಮನೆಗೆ ಹೋಗಿ ಶಿಫಾರಸು ಪತ್ರ ಬರೆದೆ. ಪೆನ್ಷನ್ ಬರತೊಡಗಿದ ಮೇಲೆ ಎಲ್ಲರಿಗೂ ಬರುವ ಧೈರ್ಯ ನನಗೂ ಬಂದಿತ್ತು. ಈ ಮಗುವಿನ ತಾಯಿ ನಿಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಅವಳು ತಾನಾಗಿ ಬಿಟ್ಟು ಹೋದದ್ದಲ್ಲ, ರಿಸಲ್ಟಿಗಾಗಿ ಅವಳ ಅಜ್ಜಿಯನ್ನು ಹೆದರಿಸಿ ಕಳಿಸಿದವಳು ನಾನು. ಈ ಮಗುವಿಗೆ ಸೀಟು ಕೊಡುವುದು ನಿಮ್ಮ ಕರ್ತವ್ಯ ಎಂದು ಬರೆದು ದೊಡ್ಡದಾಗಿ ಸಹಿ ಹಾಕಿದೆ. ಬಹಳ ವರ್ಷದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ.

ಮೂರನೆಯ ದಿನ ಶಾಲೆಯಿಂದ ಫೋನು ಬಂತು. ಈಗಿನ ಪ್ರಿನ್ಸಿಪಾಲ್ ಬೀನಾ, ನನ್ನ ಮೊದಲ ಬ್ಯಾಚಿನ ಅದೇ ಬೀನಾ. ಮೊದಲು ನನ್ನ ಕ್ಷೇಮ ಕೇಳಿದಳು. ನಾನು ಕಲಿಸಿದ ಕ್ರಮದಲ್ಲೇ ಹೋಗುತ್ತಿದ್ದಾಳೆ ಎಂದು ಗೊತ್ತಾಯಿತು.

"ಟೀಚರ್ ನಮಗೆ ಹೇಳಿದ ಕಥೆಯಲ್ಲಿ ಫಾರಂ ಹರಿದು ಹಾಕಿದ್ದರಲ್ಲ," ಅಂದಳು. ಅದು ಸುಳ್ಳು, ಪತ್ರದಲ್ಲಿರುವುದೇ ನಿಜ ಎಂದೆ. ಆಮೇಲೆ ಅವಳು ಮೆಲ್ಲಗೆ, ಈ ಪತ್ರ ಫೈಲಿಗೆ ಹೋದರೆ ಮ್ಯಾನೇಜರ್ ಓದುತ್ತಾರೆ, ಸೀಟಿನ ಮಾತು ಅಲ್ಲಿಗೇ ಮುಗಿಯುತ್ತದೆ, ನಡುವಿನ ಎರಡು ಸಾಲು ಬಿಟ್ಟು ಬೇರೆ ಪತ್ರ ಕೊಟ್ಟರೆ ನಾಳೆಯೇ ಅಡ್ಮಿಶನ್ ಮಾಡುತ್ತೇನೆ ಎಂದಳು. ಆಗುವುದಿಲ್ಲ ಅಂದೆ. ಹದಿಮೂರು ವರ್ಷ ಸುಳ್ಳು ಹೇಳಿದ್ದು ಸಾಕು, ಇದೊಂದನ್ನು ತಿದ್ದಲಾರೆ ಎಂದು ಫೋನಿಟ್ಟೆ. ನನ್ನ ಬಗ್ಗೆ ನನಗೇ ಬಹಳ ಗೌರವ ಬಂತು.

ಮಾಲಿಗೆ ಹೋಗಿ ಅದನ್ನು ಜಿನ್ಸಿಗೂ ಹೇಳಿದೆ, ಅವಳಿಗೂ ಗೌರವ ಬರಲಿ ಎಂದು. ಅವಳು ಕೊನೆಯ ತನಕ ಕೇಳಿದಳು.

"ಟೀಚರೇ, ನಿಮ್ಮ ಪಾಪದ ವಿಷಯ ನೀವು ಪಳ್ಳಿಗೆ ಹೋಗಿ ಹೇಳಿಕೊಳ್ಳಿ," ಎಂದಳು. ಪಳ್ಳಿ ಅಂದರೆ ಚರ್ಚು. "ನನಗೆ ಸೀಟು ಬೇಕು."

ನನ್ನ ಮುಖ ಸಣ್ಣದಾಯಿತು. ಒಂದು ಸಲ ಶಾಲೆಯ ಹೆಸರಿಗಾಗಿ ಅವಳ ಸೀಟು ತೆಗೆದಿದ್ದೆ. ಈ ಸಲ ನನ್ನ ಮನಸ್ಸಾಕ್ಷಿಯ ಹೆಸರಿಗಾಗಿ ಅವಳ ಮಗಳ ಸೀಟು ತೆಗೆಯಲು ಹೊರಟಿದ್ದೆ. ಎರಡು ಸಲವೂ ನನ್ನ ಕೈಯಲ್ಲಿ ಎಷ್ಟು ಒಳ್ಳೆಯ ದೈವಶಾಸ್ತ್ರ ಇತ್ತು ನೋಡಿ! ಅಲ್ಲೇ ಮಾಲಿನಲ್ಲಿ ಅವಳಿಂದ ಹಾಳೆ ಕೇಳಿ ತೆಗೆದುಕೊಂಡು ಎರಡನೆಯ ಪತ್ರ ಬರೆದೆ. ಮಗುವಿನ ತಾಯಿ ನನಗೆ ಪರಿಚಿತರು, ಒಳ್ಳೆಯ ಕುಟುಂಬ, ದಯವಿಟ್ಟು ಪರಿಗಣಿಸಿ. ಬುನಾದಿ ಏನೂ ಇಲ್ಲದ ಮೂರು ಸಾಲು. ಮಾರನೆಯ ದಿನ ಸೀಟು ಸಿಕ್ಕಿತು.

ಮೊದಲ ಪತ್ರದ ಪ್ರತಿ ನನ್ನ ಹತ್ತಿರ ಉಂಟು. ಇನ್ನು ಆ ಹದಿಮೂರು ಬ್ಯಾಚಿನವರಿಗೆ ನಿಜ ಹೇಳುವ ದಾರಿ ಈ ಬರಹ ಒಂದೇ. ಸ್ಮಿತಾ, ನೀನು ಕೇಳಿದ್ದಕ್ಕೆ ಉತ್ತರ ಇದು: ಆ ಪುಸ್ತಿಕೆ ಓದು, ಅದರಲ್ಲಿ ಇರುವುದೆಲ್ಲ ನಿಜ, ಬರೆದವಳು ಮಾತ್ರ ಹಾಗೆ ನಡೆಯಲಿಲ್ಲ. ನಿನಗೊಂದು ಮೇಜು ಕುರ್ಚಿ ಕೊಟ್ಟಾಗ ಬೋರ್ಡು ಎಲ್ಲಿದೆ ನೋಡಿ, ಅದು ಕಾಣುವ ಹಾಗೆ ಕುರ್ಚಿ ತಿರುಗಿಸಿಕೋ. ಅದರಿಂದ ಪ್ರಮೋಷನ್ ಬರುವುದಿಲ್ಲ, ನನ್ನ ಹಾಗೆ ಕೆಮ್ಮು ಬರಬಹುದು.

ಶಾಲೆ ಸುರುವಾದ ದಿನ ಜಿನ್ಸಿ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಮಗು ಹೊಸ ಯೂನಿಫಾರಂ ಹಾಕಿಕೊಂಡು ಗುಂಡಿ ತಿರುವುತ್ತಾ ಕೂತಿತ್ತು. ಚಾ ಕೊಟ್ಟೆ. ಒಂಬತ್ತನೇ ಕ್ಲಾಸಿಗೆ ಇನ್ನೂ ಎಂಟು ವರ್ಷ ಉಂಟು, ನಾನು ಅಷ್ಟು ದಿನ ಇರುತ್ತೇನೋ ಇಲ್ಲವೋ ಎನಿಸಿತು. ಹೊರಡುವಾಗ ಬಾಗಿಲಿನಲ್ಲಿ ಅವಳ ಕೈ ಹಿಡಿದು ಹೇಳಿದೆ.

"ಯಾವತ್ತಾದರೂ ಆಫೀಸಿಗೆ ಕರೆದು ಪ್ರಾರ್ಥನೆ ಮಾಡೋಣ ಎಂದರೆ ಕಣ್ಣು ಮುಚ್ಚಬೇಡ."

ಜಿನ್ಸಿ ಮಗುವಿನ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡಳು.

"ಅದನ್ನು ಅಮ್ಮಚ್ಚಿ ಅವತ್ತೇ ಹೇಳಿದ್ದಾರೆ ಟೀಚರೇ," ಎಂದಳು. "ಪಳಂಪೊರಿ ಕೊಡುವಾಗ."